ಅಡಿಕೆ ಮಂಡಿ ಕಂಪ್ಯೂಟರಿಗೊಂದು ಗುರುತು: 'ಡಿವೈಸ್‌ಐಡಿ' ಬಳಸಿದ ಅನುಭವ

"ಎಂತ ಮಾರಾಯ್ರೇ, ನೀವು ಮಾಡಿಕೊಟ್ಟ ಪ್ರೋಗ್ರಾಂ ನಮ್ಮನ್ನೇ ಕಳ್ಳ ಅಂತಿದೆಯಲ್ಲ?"

ಶಿವಮೊಗ್ಗದ ಎಪಿಎಂಸಿ ಯಾರ್ಡಿನಿಂದ ಬೆಳಿಗ್ಗೆ ಒಂಬತ್ತಕ್ಕೆ ಬಂದ ಫೋನು ಅದು. ಸಾಹುಕಾರರು ನಗುತ್ತಲೇ ಕೇಳಿದರು, ಆದರೆ ಹಿಂದೆ ರೈತರ ಗಲಾಟೆ ಕೇಳುತ್ತಿತ್ತು. ರೈತರ ಲೆಕ್ಕದ ಪಟ್ಟಿ ಪ್ರಿಂಟ್ ಆಗದೆ ದುಡ್ಡು ಕೊಡುವ ಹಾಗಿಲ್ಲ. ದುಡ್ಡು ಕೊಡದೆ ರೈತರು ಬಸ್ಸು ಹತ್ತುವ ಹಾಗಿಲ್ಲ. ಪರದೆಯ ಮೇಲೆ ನಾನೇ ಬರೆದ ಸಾಲು ಕೆಂಪು ಅಕ್ಷರದಲ್ಲಿ ಕೂತಿತ್ತು: 'ಈ ಲೈಸೆನ್ಸ್ ಬೇರೆ ಕಂಪ್ಯೂಟರಿಗೆ ಸೇರಿದ್ದು.'

ಕಂಪ್ಯೂಟರ್ ಅದೇ. ಮೇಜು ಅದೇ. ಮೇಲೆ ಇಟ್ಟಿದ್ದ ಗಣಪತಿ ಮೂರ್ತಿ ಕೂಡ ಅದೇ. ರಾತ್ರಿ ವಿಂಡೋಸ್ ಅಪ್‌ಡೇಟ್ ಆಗಿತ್ತು, ಅಷ್ಟೇ.

ನಾನು ಅಡಿಕೆ ಮಂಡಿಗಳಿಗೆ ಲೆಕ್ಕದ ಪ್ರೋಗ್ರಾಂ ಬರೆದು ಮಾರುತ್ತೇನೆ. ಚೀಲ ಇಳಿದದ್ದರಿಂದ ಹಿಡಿದು ತೂಕ, ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಅಡಿಕೆಯ ಒಂದೊಂದು ಬಗೆಗೂ ದರ, ಹಮಾಲಿ, ರೈತರು ಮೊದಲೇ ತೆಗೆದುಕೊಂಡ ಮುಂಗಡ, ಎಲ್ಲ ಕಳೆದು ಪಟ್ಟಿ ಕೈಗೆ ಬರುವವರೆಗೆ. ಕಂಪನಿ ಅಂದರೆ ನಾನೊಬ್ಬನೇ. ಲೆಕ್ಕ ಬರೆಯುವವಳು ನನ್ನ ಹೆಂಡತಿ, ಬೈಯುವವಳೂ ಅವಳೇ. ಒಂದು ಕಂಪ್ಯೂಟರಿಗೆ ಒಂದು ಲೈಸೆನ್ಸ್ ಅಂತ ಮಾರುತ್ತೇನೆ. ಹಾಗಾಗಿ 'ಒಂದು ಕಂಪ್ಯೂಟರ್' ಅಂದರೆ ಯಾವುದು ಅಂತ ನನ್ನ ಪ್ರೋಗ್ರಾಮಿಗೆ ಗೊತ್ತಾಗಬೇಕು. ಇಲ್ಲವಾದರೆ ಪೆನ್‌ಡ್ರೈವಲ್ಲಿ ಹಾಕಿಕೊಂಡು ಭಾವನ ಮಂಡಿಗೆ, ಅಲ್ಲಿಂದ ಭಾವನ ಸ್ನೇಹಿತನ ಮಂಡಿಗೆ ಹೋಗುತ್ತದೆ. ಹೋಗಿದೆ ಕೂಡ.

ಈ ಕೆಲಸಕ್ಕೆ ನಾನು 2022ರಿಂದ ಬಳಸುತ್ತಿರುವುದು 'ಡಿವೈಸ್‌ಐಡಿ' ಅನ್ನುವ ಲೈಬ್ರರಿ, ಅಂದರೆ ನಮ್ಮ ಪ್ರೋಗ್ರಾಮಿಗೆ ಸೇರಿಸಿಕೊಳ್ಳುವ ಸಿದ್ಧ ಕೋಡು. ಮೈಕ್ರೋಸಾಫ್ಟಿನ ಡಾಟ್‌ನೆಟ್‌ನಲ್ಲಿ ಪ್ರೋಗ್ರಾಂ ಬರೆಯುವವರಿಗೆ ನ್ಯೂಗೆಟ್ ಅನ್ನುವ ತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಮ್ಯಾಥ್ಯೂ ಕಿಂಗ್ ಅನ್ನುವವರು ಬರೆದದ್ದು. ಎಂಐಟಿ ಲೈಸೆನ್ಸ್, ಹಾಗಾಗಿ ಮಾರುವ ಪ್ರೋಗ್ರಾಮಿನೊಳಗೆ ಸೇರಿಸಿದರೂ ತಕರಾರಿಲ್ಲ. ಮೇಲೆ ಹೇಳಿದ ಫೋನಿಗೆ ಕಾರಣ ಅದಲ್ಲ, ನಾನು. ಅದನ್ನೂ ಹೇಳುತ್ತೇನೆ. ಮೊದಲು ಇದಕ್ಕೆ ಮುಂಚೆ ಏನೇನು ಮಾಡಿ ಕೆಟ್ಟೆ ಅಂತ ಹೇಳದಿದ್ದರೆ ಇದರ ಬೆಲೆ ಗೊತ್ತಾಗುವುದಿಲ್ಲ.

ಶುರುವಿನಲ್ಲಿ, ವಿಬಿ 6ರ (ವಿಷುಯಲ್ ಬೇಸಿಕ್) ಕಾಲದಲ್ಲಿ, ಸಿ ಡ್ರೈವಿನ ವಾಲ್ಯೂಮ್ ಸೀರಿಯಲ್ ನಂಬರ್ ನೋಡುತ್ತಿದ್ದೆ. ಕಪ್ಪು ಪರದೆಯಲ್ಲಿ 'ವಾಲ್' ಅಂತ ಹೊಡೆದರೆ ಬರುತ್ತದಲ್ಲ, ಎಂಟು ಅಕ್ಷರದ್ದು, ಅದೇ. ಅದು ಡಿಸ್ಕಿನ ನಂಬರ್ ಅಂತ ತಿಳಿದಿದ್ದೆ. ಅಲ್ಲ. ಫಾರ್ಮ್ಯಾಟ್ ಮಾಡಿದ ದಿನ, ಗಂಟೆ, ನಿಮಿಷ ನೋಡಿ ವಿಂಡೋಸ್ ಬರೆಯುವ ಸಂಖ್ಯೆ ಅದು. ಒಂಥರಾ ಜಾತಕ. ಪ್ರತಿ ಫಾರ್ಮ್ಯಾಟಿಗೂ ಹೊಸ ಜನ್ಮ. ನಮ್ಮ ಕಡೆ ಸರ್ವೀಸಿಗೆ ಬರುವ ಹುಡುಗರಿಗೆ ಗೊತ್ತಿರುವ ಮದ್ದು ಒಂದೇ. ಪ್ರಿಂಟರ್ ಬರದಿದ್ದರೂ ಫಾರ್ಮ್ಯಾಟ್, ಮೌಸ್ ಓಡದಿದ್ದರೂ ಫಾರ್ಮ್ಯಾಟ್. ಪ್ರತಿ ಸಲ ನನಗೆ ಫೋನು.

ಆಮೇಲೆ ಪ್ರೊಸೆಸರಿನ ಐಡಿಗೆ ಬಂದೆ. ಯಂತ್ರದ ವಿವರ ಹೇಳುವ ವಿಂಡೋಸಿನ ಒಳಗಿನ ಸೇವೆ ಡಬ್ಲ್ಯುಎಂಐಯನ್ನು ಕೇಳಿದರೆ 'ಪ್ರೊಸೆಸರ್‌ಐಡಿ' ಅಂತ ಹದಿನಾರು ಅಕ್ಷರ ಕೊಡುತ್ತದೆ. ಹೆಸರು ಕೇಳಿದರೆ ಯಾರಿಗಾದರೂ ಏನನ್ನಿಸುತ್ತದೆ? ಪ್ರತಿ ಪ್ರೊಸೆಸರಿಗೂ ಬೇರೆ ಬೇರೆ ಇರಬೇಕು ಅಲ್ವಾ? ನನಗೂ ಹಾಗೇ ಅನ್ನಿಸಿತು. ನೆಮ್ಮದಿಯಾಗಿ ವರ್ಷಗಟ್ಟಲೆ ಮಾರಿದೆ.

ಒಂದು ದಿನ ಒಬ್ಬರು ಫೋನ್ ಮಾಡಿದರು. "ಪಟ್ಟಿಯಲ್ಲಿ ಮುಂಗಡ ಎರಡು ಸಲ ಕಳೀತಾ ಇದೆ, ಸ್ವಲ್ಪ ನೋಡಿ ಕೊಡ್ರಿ" ಅಂದರು. ಪಾಪ, ತುಂಬ ಮರ್ಯಾದೆಯಿಂದ ಕೇಳಿದರು. ನನ್ನ ಪುಸ್ತಕದಲ್ಲಿ ಹುಡುಕಿದೆ. ಆ ಹೆಸರಿನ ಗಿರಾಕಿಯೇ ಇಲ್ಲ! ವಿಚಾರಿಸಿದರೆ, ಅವರ ಅಣ್ಣ ನನ್ನ ಗಿರಾಕಿ. ಪಕ್ಕ ಪಕ್ಕ ಮಂಡಿ. ಇಬ್ಬರೂ ಒಂದೇ ದಿನ, ಒಂದೇ ಅಂಗಡಿಯಲ್ಲಿ, ಒಂದೇ ಮಾಡೆಲ್ ಕಂಪ್ಯೂಟರ್ ತಂದಿದ್ದರು. ಅಣ್ಣನ ಪ್ರೋಗ್ರಾಂ ಫೋಲ್ಡರನ್ನು ತಮ್ಮ ಹಾಗೇ ಕಾಪಿ ಮಾಡಿಕೊಂಡಿದ್ದ. ನನ್ನ ಬೀಗ ಚಕಾರ ಎತ್ತಲಿಲ್ಲ. ತಮ್ಮನಿಗೆ ಇದರಲ್ಲಿ ತಪ್ಪೇನಾದರೂ ಇದೆ ಅಂತಲೇ ಗೊತ್ತಿರಲಿಲ್ಲ. ಅದಕ್ಕೇ ಧೈರ್ಯವಾಗಿ ರಿಪೇರಿಗೆ ಫೋನ್ ಮಾಡಿದ್ದ.

ಆಗ ಓದಿ ತಿಳಿದುಕೊಂಡೆ. ಪ್ರೊಸೆಸರ್‌ಐಡಿಯಲ್ಲಿ ಇರುವುದು ಆ ಚಿಪ್ಪಿನ ಕುಲ, ಮಾಡೆಲ್, ಎಷ್ಟನೇ ತಿದ್ದುಪಡಿ, ಏನೇನು ಬರುತ್ತದೆ ಅನ್ನುವ ಗುರುತುಗಳು. ಒಂದೇ ಮಾಡೆಲಿನ ಎಲ್ಲ ಚಿಪ್ಪಿಗೂ ಅದೇ. ಗೋತ್ರ ಕೇಳಿ ಮನುಷ್ಯನನ್ನು ಗುರುತಿಸಿದ ಹಾಗಾಯಿತು ನನ್ನ ಕತೆ. ನಿಜವಾದ ಒಂದೊಂದು ಚಿಪ್ಪಿಗೆ ಒಂದೊಂದು ನಂಬರ್ ಇಂಟೆಲ್ 1999ರಲ್ಲಿ ಪೆಂಟಿಯಂ 3ರ ಜೊತೆ ತಂದಿತ್ತು, 96 ಬಿಟ್‌ನದ್ದು. ಜನರನ್ನು ಹಿಂಬಾಲಿಸುವುದಕ್ಕೆ ಬಳಸುತ್ತಾರೆ ಅಂತ ದೊಡ್ಡ ಗಲಾಟೆಯಾಗಿ ಮುಂದಿನ ಚಿಪ್ಪುಗಳಲ್ಲಿ ಕೈಬಿಟ್ಟರು. ನನ್ನಂಥವನಿಗೆ ನಷ್ಟ. ಆದರೆ ಗಲಾಟೆ ಮಾಡಿದವರು ಸರಿಯಾಗೇ ಮಾಡಿದರು ಅನ್ನುವವನು ನಾನು.

ಮೂರನೇ ಸಲ ನೆಟ್‌ವರ್ಕ್ ಕಾರ್ಡಿನ ಮ್ಯಾಕ್ ವಿಳಾಸ. ಇದು ನಿಜಕ್ಕೂ ಒಂದೊಂದಕ್ಕೆ ಒಂದೊಂದು. 48 ಬಿಟ್, ಮೊದಲ ಅರ್ಧ ತಯಾರಕರದ್ದು, ಉಳಿದರ್ಧ ಅವರು ಕೊಡುವ ಸಂಖ್ಯೆ. ಪುಸ್ತಕದಲ್ಲಿ ಚೆನ್ನಾಗಿದೆ. ಮಲೆನಾಡಿನಲ್ಲಿ ಚೆನ್ನಾಗಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಗುಡುಗು ಶುರುವಾದರೆ ಸಿಡಿಲು ಫೋನ್ ತಂತಿ ಹಿಡಿದು ಮೋಡೆಮ್‌ಗೆ, ಮೋಡೆಮ್‌ನಿಂದ ಕೇಬಲ್ ಹಿಡಿದು ಮದರ್‌ಬೋರ್ಡಿನ ಲ್ಯಾನ್ ಪೋರ್ಟಿಗೆ ಬರುತ್ತದೆ. ಉಳಿದದ್ದೆಲ್ಲ ನೆಟ್ಟಗೆ ಇರುತ್ತದೆ, ಲ್ಯಾನ್ ಮಾತ್ರ ಸತ್ತಿರುತ್ತದೆ. ಅಂಗಡಿಯವನು ಯುಎಸ್‌ಬಿಗೆ ಹಾಕುವ ಒಂದು ಲ್ಯಾನ್ ಕಡ್ಡಿ ಕೊಡುತ್ತಾನೆ. ಕೆಲಸ ನಡೆಯುತ್ತದೆ, ಮ್ಯಾಕ್ ಬದಲಾಗುತ್ತದೆ, ನನಗೆ ಫೋನು ಬರುತ್ತದೆ. ಮೊದಲ ಮಳೆ ಬಂದರೆ ಜನ ಮಣ್ಣಿನ ವಾಸನೆ ಅಂತ ಖುಷಿಪಡುತ್ತಾರೆ. ನಾನು ಮೊಬೈಲ್ ಚಾರ್ಜಿಗೆ ಹಾಕುತ್ತಿದ್ದೆ.

ಇಷ್ಟು ಅನುಭವ ಹೊತ್ತುಕೊಂಡು ಡಿವೈಸ್‌ಐಡಿಗೆ ಬಂದೆ.

ಅದು ಮಾಡುವ ಕೆಲಸ ಸರಳ. ಕಂಪ್ಯೂಟರಿನ ಯಾವ ಯಾವ ಭಾಗ ನೋಡಬೇಕು ಅಂತ ನಾವು ಒಂದರ ಕೆಳಗೆ ಒಂದು ಸೇರಿಸುತ್ತಾ ಹೋಗುತ್ತೇವೆ: ಯಂತ್ರದ ಹೆಸರು, ಮದರ್‌ಬೋರ್ಡಿನ ಸೀರಿಯಲ್, ಸಿಸ್ಟಮ್ ಡಿಸ್ಕಿನ ಸೀರಿಯಲ್, ಮ್ಯಾಕ್, ಬಯಾಸ್‌ನಲ್ಲಿ (ಬೋರ್ಡಿನೊಳಗಿನ ಮೂಲ ಪ್ರೋಗ್ರಾಂ) ಬರೆದಿರುವ ಯುಯುಐಡಿ ಅನ್ನುವ ಗುರುತು ಸಂಖ್ಯೆ, ವಿಂಡೋಸ್ ತಾನೇ ಇಟ್ಟುಕೊಳ್ಳುವ ಮೆಷಿನ್‌ಗೈಡ್ ಅನ್ನುವ ಗುರುತು, ಹೀಗೆ. ಅದು ಎಲ್ಲವನ್ನೂ ಜೋಡಿಸಿ ಎಸ್‌ಎಚ್‌ಎ-256 ಅನ್ನುವ ಸೂತ್ರದಲ್ಲಿ ಹ್ಯಾಶ್ ಮಾಡಿ, ಅಂದರೆ ಮೂಲ ಕಾಣದ ಹಾಗೆ ಅರೆದು, ಒಂದೇ ಒಂದು ಉದ್ದದ ಗುರುತು ಕೊಡುತ್ತದೆ. ನಾವು ಯಾವ ಕ್ರಮದಲ್ಲಿ ಸೇರಿಸಿದರೂ ಅದು ಹೆಸರಿನ ಪ್ರಕಾರ ಜೋಡಿಸಿಕೊಳ್ಳುತ್ತದೆ, ಹಾಗಾಗಿ ಕೋಡಿನ ಸಾಲು ಮೇಲೆ ಕೆಳಗೆ ಆದರೆ ಗುರುತು ಬದಲಾಗುವುದಿಲ್ಲ. ಇಂಥ ಸಣ್ಣ ವಿಷಯ ಯೋಚಿಸಿದವರು ಮೊದಲೇ ಎಲ್ಲೋ ಪೆಟ್ಟು ತಿಂದಿರಬೇಕು.

ವಿಂಡೋಸ್, ಲಿನಕ್ಸ್, ಆ್ಯಪಲ್‌ನ ಮ್ಯಾಕ್ ಮೂರಕ್ಕೂ ಬೇರೆ ಬೇರೆ ಪ್ಯಾಕೇಜ್ ಇವೆ. ಬೇಕಾದ್ದನ್ನು ಮಾತ್ರ ಹಾಕಿಕೊಂಡರೆ ಸಾಕು.

ನನಗೆ ತಕ್ಷಣ ಸಿಕ್ಕ ಲಾಭ ಇನ್ನೊಂದು. ನನ್ನ ಹಳೇ ಕೋಡು ಹಿಂದಿನಿಂದ 'ಡಬ್ಲ್ಯುಎಂಐಸಿ' ಅನ್ನುವ ಕಮಾಂಡ್ ಓಡಿಸಿ, ಅದು ಕಕ್ಕಿದ ಅಕ್ಷರಗಳನ್ನು ಹೆಕ್ಕಿಕೊಳ್ಳುತ್ತಿತ್ತು. ನಾಚಿಕೆಯ ಕೋಡು, ಆದರೂ ಓಡುತ್ತಿತ್ತು. ಈಗ ವಿಂಡೋಸ್ 11ರ 24ಎಚ್2 ಹೊಸದಾಗಿ ಹಾಕಿದ ಕಂಪ್ಯೂಟರಿನಲ್ಲಿ ಆ ಕಮಾಂಡೇ ಇರುವುದಿಲ್ಲ. ಡಿವೈಸ್‌ಐಡಿ ಆ ಕಮಾಂಡನ್ನು ನಂಬಿಕೊಂಡಿಲ್ಲ, ಒಳಗಿನ ಡಬ್ಲ್ಯುಎಂಐಯನ್ನೇ ನೇರವಾಗಿ ಕೇಳುತ್ತದೆ. ಅದು ಇನ್ನೂ ಅಲ್ಲೇ ಇದೆ. ನೀವೂ ನನ್ನ ಹಾಗೆ ಕಮಾಂಡ್ ಓಡಿಸಿ ಹೆಕ್ಕುವವರಾದರೆ ಇವತ್ತೇ ಹೋಗಿ ನೋಡಿ.

ಈಗ ಆ ಬೆಳಿಗ್ಗೆಯ ಫೋನಿಗೆ ಬರೋಣ. ಲೈಬ್ರರಿಯ ಜೊತೆ ಬರುವ ಪರಿಚಯದಲ್ಲಿ ಒಂದು ಮಾದರಿ ಕೋಡು ಇದೆ. ಅದರಲ್ಲಿ ಯಂತ್ರದ ಹೆಸರು, ಆಪರೇಟಿಂಗ್ ಸಿಸ್ಟಮ್ಮಿನ ಆವೃತ್ತಿ, ಪ್ರೊಸೆಸರ್‌ಐಡಿ, ಬೋರ್ಡ್, ಡಿಸ್ಕ್ ಎಲ್ಲ ಸೇರಿಸಿ ತೋರಿಸಿದ್ದಾರೆ. ಹೀಗೆಲ್ಲ ಸೇರಿಸಬಹುದು ಅಂತ ತೋರಿಸುವುದಕ್ಕೆ. ನಾನು ಅದನ್ನೇ ಎತ್ತಿ ಅಂಟಿಸಿಬಿಟ್ಟೆ. ಮದುವೆ ಊಟದ ಬೋರ್ಡಿನಲ್ಲಿ ಬರೆದಿದ್ದನ್ನೆಲ್ಲ ಒಂದೇ ಎಲೆಗೆ ಬಡಿಸಿಕೊಂಡವನ ಹಾಗೆ. ವಿಂಡೋಸಿನ ದೊಡ್ಡ ಅಪ್‌ಡೇಟ್ ಬಂದಾಗ ಆವೃತ್ತಿಯ ನಂಬರ್ ಬದಲಾಗುತ್ತದೆ. ಹ್ಯಾಶಿನ ಸ್ವಭಾವ ಎಂಥದ್ದು? ಒಂದಕ್ಷರ ಬದಲಾದರೂ ಇಡೀ ಗುರುತು ತಲೆಕೆಳಗು. ಮಂಡಿಯ ಹುಡುಗ ಕಂಪ್ಯೂಟರಿನ ಹೆಸರನ್ನು 'ಶ್ರೀ ಗಣೇಶ' ಅಂತ ಬದಲಾಯಿಸಿದರೂ ಅದೇ ಗತಿ. ಎರಡು ವಾರ ದಿನಾ ಒಬ್ಬೊಬ್ಬರಿಗೆ ಹೊಸ ಲೈಸೆನ್ಸ್ ಕೊಟ್ಟೆ. ಪುಕ್ಕಟೆ, ಬೈಗುಳದ ಸಮೇತ.

ತಪ್ಪು ನನ್ನದೇ. ಆದರೂ ಒಂದು ಮಾತು ಹೇಳಬೇಕು. ಯಾವ ಭಾಗ ಎಷ್ಟು ದಿನ ಬಾಳುತ್ತದೆ, ಯಾವುದು ಯಾವಾಗ ಬದಲಾಗುತ್ತದೆ ಅಂತ ಪಕ್ಕದಲ್ಲಿ ಒಂದೊಂದು ಸಾಲು ಬರೆದಿದ್ದರೆ ನನ್ನಂಥ ಅಂಟಿಸುವವರು ಬದುಕಿಕೊಳ್ಳುತ್ತಿದ್ದರು. ಐದು ಚುಕ್ಕಿಯ ಲೆಕ್ಕದಲ್ಲಿ ಅರ್ಧ ಚುಕ್ಕಿ ಅಲ್ಲಿ ಕಡಿಮೆ ಮಾಡಿದ್ದೇನೆ.

ಇನ್ನು ಮದರ್‌ಬೋರ್ಡ್ ಸೀರಿಯಲ್. ಎಲ್ಲರೂ ನಂಬುವುದು ಇದನ್ನೇ. ದೊಡ್ಡ ಬ್ರ್ಯಾಂಡಿನ ಸಿದ್ಧ ಕಂಪ್ಯೂಟರುಗಳಲ್ಲಿ ನಿಜಕ್ಕೂ ಚೆನ್ನಾಗಿರುತ್ತದೆ. ಕಡಿಮೆ ಬೆಲೆಗೆ ಜೋಡಿಸಿಕೊಟ್ಟ ಡಬ್ಬಗಳಲ್ಲಿ ಬೇರೆ ಕತೆ. ಒಮ್ಮೆ ನನ್ನ ಕೈಗೆ ಸಿಕ್ಕಿದ ಏಳು ಕಂಪ್ಯೂಟರಿನಲ್ಲಿ ಹ್ಯಾಶ್ ಮಾಡದೆ ಹಸಿ ನಂಬರುಗಳನ್ನೇ ತೆಗೆದು ನೋಡಿದೆ. ಎರಡರಲ್ಲಿ ಸೀರಿಯಲ್ ಇರಬೇಕಾದ ಜಾಗದಲ್ಲಿ ಇಂಗ್ಲಿಷಿನಲ್ಲಿ 'ಡಿಫಾಲ್ಟ್ ಸ್ಟ್ರಿಂಗ್' ಅಂತಿತ್ತು. ಇನ್ನೊಂದರಲ್ಲಿ 'ಟು ಬಿ ಫಿಲ್ಡ್ ಬೈ ಓಇಎಂ', ಅಂದರೆ ತಯಾರಕರು ಇಲ್ಲಿ ತುಂಬಬೇಕು ಅಂತ. ಅವರು ತುಂಬಿಲ್ಲ. ಮದುವೆ ಕಾಗದದಲ್ಲಿ 'ಇಲ್ಲಿ ವರನ ಹೆಸರು ಬರೆಯಿರಿ' ಅಂತಲೇ ಅಚ್ಚಾಗಿ ಊರಿಗೆಲ್ಲ ಹಂಚಿದ ಹಾಗೆ. ಯುಯುಐಡಿಯಲ್ಲೂ ಇದೇ ಹಣೆಬರಹ. ಎಲ್ಲ ಸೊನ್ನೆ, ಇಲ್ಲವೇ ಎಲ್ಲ ಎಫ್, ಇಲ್ಲವೇ 03000200-0400-0500-0006-000700080009. ಈ ಕೊನೆಯದನ್ನು ಒಮ್ಮೆ ಗಮನವಿಟ್ಟು ನೋಡಿ. ಮೂರು, ಎರಡು, ನಾಲ್ಕು, ಐದು, ಆರು, ಏಳು, ಎಂಟು, ಒಂಬತ್ತು. ಯಾರೋ ಸುಮ್ನೆ ಎಣಿಸಿ ಕೂರಿಸಿದ್ದು. ಅದು ಎಷ್ಟೋ ಬೋರ್ಡುಗಳಲ್ಲಿ ಹಾಗೇ ಉಳಿದುಹೋಗಿದೆ.

ಇಲ್ಲಿ ಡಿವೈಸ್‌ಐಡಿ ಮೇಲೆ ನನಗೆ ನಿಜವಾದ ತಕರಾರು. ಅದು ಬಂದದ್ದನ್ನು ಹಾಗೇ ನುಂಗುತ್ತದೆ. 'ಡಿಫಾಲ್ಟ್ ಸ್ಟ್ರಿಂಗ್' ಅನ್ನುವುದನ್ನೂ ಸೀರಿಯಲ್ ಅಂತ ತೆಗೆದುಕೊಂಡು ಹ್ಯಾಶ್ ಮಾಡುತ್ತದೆ. ಏನೂ ಸಿಗದೆ ಖಾಲಿ ಬಂದರೂ ಅಷ್ಟೇ, ಖಾಲಿಯನ್ನೇ ಹ್ಯಾಶ್ ಮಾಡಿ 52 ಅಕ್ಷರದ ಗಂಭೀರವಾದ ಗುರುತು ಕೊಡುತ್ತದೆ. ನೋಡಿದರೆ ಯಾರಿಗೂ ಅನುಮಾನ ಬರುವುದಿಲ್ಲ. ಹ್ಯಾಶ್ ಅನ್ನುವುದು ಇಸ್ತ್ರಿ ಮಾಡಿದ ಬಟ್ಟೆ. ಒಳಗೆ ಬನಿಯನ್ ಹರಿದಿದೆಯೋ ಇಲ್ಲವೋ ಹೊರಗೆ ಕಾಣುವುದಿಲ್ಲ.

ಪುಣ್ಯಕ್ಕೆ, ಹ್ಯಾಶ್ ಬೇಡ, ಬರೀ ಅಕ್ಷರಗಳನ್ನೇ ತೋರಿಸು ಅನ್ನುವುದಕ್ಕೂ ಅದರಲ್ಲಿ ದಾರಿ ಇದೆ. ನಾನು ಒಂದೊಂದು ಭಾಗವನ್ನೂ ಮೊದಲು ಹಾಗೆ ತೆಗೆದು, ನನ್ನದೇ ಒಂದು 'ಹುಸಿ ನಂಬರ್' ಪಟ್ಟಿಗೆ ಹೋಲಿಸಿ, ಪಾಸಾದದ್ದನ್ನು ಮಾತ್ರ ಮುಂದಕ್ಕೆ ಬಿಡುತ್ತೇನೆ. ಆ ಪಟ್ಟಿಯಲ್ಲಿ ಈಗ ಹದಿನಾಲ್ಕು ಸಾಲು ಇವೆ. ಮೊದಲನೆಯದು ಖಾಲಿ, ಎರಡನೆಯದು 123456789.

ಎರಡನೇ ತಕರಾರು ಇನ್ನೂ ಮುಖ್ಯ. ಎಲ್ಲ ಭಾಗ ಸೇರಿ ಒಂದೇ ಗುರುತಾಗುವುದರಿಂದ 'ಮುಕ್ಕಾಲು ಪಾಲು ಅದೇ ಕಂಪ್ಯೂಟರ್' ಅಂತ ಹೇಳುವುದಕ್ಕೆ ದಾರಿಯಿಲ್ಲ. ಒಂದೋ ಪೂರ್ತಿ ಹೌದು, ಇಲ್ಲ ಪೂರ್ತಿ ಅಲ್ಲ. ಮಂಡಿಯ ಕಂಪ್ಯೂಟರ್ ಹಾಗೆ ಬದುಕುವುದಿಲ್ಲ. ಈ ವರ್ಷ ಎಸ್‌ಎಸ್‌ಡಿ ಹಾಕಿಸುತ್ತಾರೆ, ಮುಂದಿನ ವರ್ಷ ಕರೆಂಟು ಕೊಡುವ ಎಸ್‌ಎಂಪಿಎಸ್ ಸುಟ್ಟು ಬೋರ್ಡನ್ನೂ ಕರೆದುಕೊಂಡು ಹೋಗುತ್ತದೆ. ಆದರೂ ಸಾಹುಕಾರರ ಲೆಕ್ಕದಲ್ಲಿ ಅದು ಅದೇ ಕಂಪ್ಯೂಟರ್. ನನ್ನ ಲೆಕ್ಕದಲ್ಲೂ ಅದೇ ಆಗಿರಬೇಕು. ಅವರು ಎರಡನೇ ಲೈಸೆನ್ಸ್ ತೆಗೆದುಕೊಳ್ಳುವಂಥದ್ದು ಏನೂ ಮಾಡಿಲ್ಲ.

ಇದಕ್ಕೆ ಉಪಾಯ ನನ್ನದಲ್ಲ, ಹಳೆಯದು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಆಕ್ಟಿವೇಶನ್ ಹೀಗೇ ಮಾಡುತ್ತಿತ್ತು. ಹತ್ತು ಭಾಗ ಬೇರೆ ಬೇರೆ ಗುರುತು ಹಾಕಿಕೊಳ್ಳುತ್ತಿತ್ತು: ಡಿಸ್ಪ್ಲೇ ಕಾರ್ಡ್, ಡಿಸ್ಕ್, ಸಿಡಿ ಡ್ರೈವ್, ರ‍್ಯಾಮ್ ಎಷ್ಟು, ಹೀಗೆ. ನೆಟ್‌ವರ್ಕ್ ಕಾರ್ಡ್ ಹಾಗೇ ಇದ್ದರೆ ಉಳಿದವುಗಳಲ್ಲಿ ಆರು ಬದಲಾದಾಗ ಮಾತ್ರ ಮತ್ತೆ ಆಕ್ಟಿವೇಟ್ ಮಾಡಿ ಅನ್ನುತ್ತಿತ್ತು. ನೆಟ್‌ವರ್ಕ್ ಕಾರ್ಡೇ ಹೋಗಿದ್ದರೆ ನಾಲ್ಕು ಸಾಕಿತ್ತು. ಆಗ ಜನ ಬೈದುಕೊಂಡೇ ಬಳಸಿದರು. ಈಗ ಯೋಚಿಸಿದರೆ ಎಷ್ಟು ಉದಾರವಾಗಿತ್ತು ಅನ್ನಿಸುತ್ತದೆ.

ನಾನು ಡಿವೈಸ್‌ಐಡಿಯನ್ನು ಒಂದು ಸಲ ಕರೆಯುವ ಬದಲು ನಾಲ್ಕು ಸಲ ಕರೆಯುತ್ತೇನೆ. ಬೋರ್ಡಿಗೆ ಒಂದು, ಯುಯುಐಡಿಗೆ ಒಂದು, ಸಿಸ್ಟಮ್ ಡಿಸ್ಕಿನ ಸೀರಿಯಲ್‌ಗೆ ಒಂದು, ಮತ್ತೆ ಫೈಲ್ ಟೋಕನ್ ಅಂತ ಒಂದು. ಈ ಫೈಲ್ ಟೋಕನ್ ಲೈಬ್ರರಿಯಲ್ಲೇ ಇರುವ ಒಳ್ಳೆಯ ಸೌಲಭ್ಯ. ಹೇಳಿದ ಜಾಗದಲ್ಲಿ ಫೈಲ್ ಇಲ್ಲದಿದ್ದರೆ ಹೊಸದೊಂದು ಗುರುತು ಬರೆದಿಡುತ್ತದೆ, ಇದ್ದರೆ ಅದನ್ನೇ ಓದುತ್ತದೆ. ನಾಲ್ಕು ಹ್ಯಾಶ್ ಬರೆದಿಟ್ಟುಕೊಂಡು, ನಾಲ್ಕರಲ್ಲಿ ಎರಡು ಹೊಂದಿದರೆ ಒಳಗೆ ಬಿಡುತ್ತೇನೆ. ಬೋರ್ಡ್ ಬದಲಾದರೆ ಬೋರ್ಡ್, ಯುಯುಐಡಿ ಎರಡೂ ಹೋಗುತ್ತವೆ, ಡಿಸ್ಕು ಮತ್ತು ಫೈಲು ಉಳಿಯುತ್ತವೆ. ಡಿಸ್ಕ್ ಬದಲಾದರೆ ಬೋರ್ಡಿನ ಎರಡು ಉಳಿಯುತ್ತವೆ. ಫಾರ್ಮ್ಯಾಟ್ ಮಾಡಿದರೆ ಫೈಲ್ ಮಾತ್ರ ಹೋಗುತ್ತದೆ, ಡಿಸ್ಕಿನ ಸೀರಿಯಲ್ ಕಾರ್ಖಾನೆಯದ್ದು, ಹೋಗುವುದಿಲ್ಲ. ಪಕ್ಕದ ಮಂಡಿಗೆ ಫೋಲ್ಡರ್ ಕಾಪಿ ಮಾಡಿದರೆ ಹೊಂದುವುದು ಫೈಲ್ ಒಂದೇ. ಬೀಗ ತೆಗೆಯುವುದಿಲ್ಲ. ಹುಸಿ ನಂಬರಿನ ಬೋರ್ಡ್ ಇದ್ದ ಕಡೆ ಮಾತ್ರ ಡಿಸ್ಕ್ ಹೊಂದಲೇಬೇಕು ಅಂತ ಇಟ್ಟಿದ್ದೇನೆ. ಅಲ್ಲಿ ಡಿಸ್ಕ್ ಬದಲಾದರೆ ನನಗೆ ಫೋನ್ ಮಾಡಬೇಕು. ಇರಲಿ, ಅಷ್ಟು ಸಹಿಸಬಹುದು.

ಮೆಷಿನ್‌ಗೈಡ್ ಯಾಕೆ ಸೇರಿಸಲಿಲ್ಲ ಅಂತ ಕೇಳಬಹುದು. ಅದು ವಿಂಡೋಸ್ ಹಾಕುವಾಗ ಹುಟ್ಟಿ ರಿಜಿಸ್ಟ್ರಿಯಲ್ಲಿ ಕೂರುತ್ತದೆ. ಒಂದು ಕಂಪ್ಯೂಟರಿಗೆ ಎಲ್ಲ ಹಾಕಿ, ಅದರದ್ದೇ ಇಮೇಜ್ ತೆಗೆದು ಹತ್ತು ಕಂಪ್ಯೂಟರಿಗೆ ಇಳಿಸುವ ಅಂಗಡಿಗಳಿವೆ. ಹಳೇ ಗುರುತು ಅಳಿಸುವ ಸಿಸ್‌ಪ್ರೆಪ್ ಸರಿಯಾಗಿ ಮಾಡದೆ ಇಳಿಸಿದರೆ ಹತ್ತಕ್ಕೂ ಒಂದೇ ಮೆಷಿನ್‌ಗೈಡ್. ಅಣ್ಣ ತಮ್ಮನ ಕತೆ ಇನ್ನೊಂದು ಸಲ ಬೇಡ.

ಫೋನಿನಲ್ಲಿ ಗುರುತು ಓದುವುದು ಇನ್ನೊಂದು ಪುರಾಣ. ಎಷ್ಟೋ ಮಂಡಿಯಲ್ಲಿ ಇವತ್ತಿಗೂ ಕಂಪ್ಯೂಟರಿಗೆ ಇಂಟರ್ನೆಟ್ ಇಲ್ಲ, ಬೇಕೆಂದೇ ಹಾಕಿಸಿಲ್ಲ. ಹಾಗಾಗಿ ಗುಮಾಸ್ತರು ಪರದೆ ನೋಡಿ ಓದಬೇಕು, ನಾನು ಬರೆದುಕೊಳ್ಳಬೇಕು. ಹಳೇ ಆವೃತ್ತಿಯಲ್ಲಿ ಗುರುತು ಬೇಸ್64ರಲ್ಲಿ ಬರುತ್ತಿತ್ತು, ದೊಡ್ಡಕ್ಷರ ಸಣ್ಣಕ್ಷರ ಎಲ್ಲ ಮಿಶ್ರ. "ಸಣ್ಣ ಎಲ್ಲಾ, ಒಂದಾ?" "ಗೊತ್ತಾಗ್ತಿಲ್ಲ ಸಾರ್, ಒಂದು ಕಡ್ಡಿ ಇದೆ." ಆರನೇ ಆವೃತ್ತಿಯಿಂದ ಕ್ರಾಕ್‌ಫರ್ಡ್ ಬೇಸ್32 ಬಂತು. ಅದರಲ್ಲಿ ಐ, ಎಲ್, ಓ, ಯು ಈ ನಾಲ್ಕು ಅಕ್ಷರವೇ ಇಲ್ಲ. ಉದ್ದ ಗೆರೆ ಕಂಡರೆ ಅದು ಒಂದೇ, ದುಂಡಗೆ ಕಂಡರೆ ಸೊನ್ನೆಯೇ. ಈ ಒಂದು ಬದಲಾವಣೆಗೆ ನಾನು ಅವರಿಗೆ ಒಂದು ಮೂಟೆ ರಾಶಿ ಅಡಿಕೆ ಕಳಿಸಬೇಕು. ಆದರೂ 52 ಅಕ್ಷರ ಯಾರು ಓದುತ್ತಾರೆ? ಪರದೆಯಲ್ಲಿ ನಾನು ಮೊದಲ ಹದಿನಾರನ್ನು ಮಾತ್ರ ನಾಲ್ಕು ನಾಲ್ಕಾಗಿ ಒಡೆದು ತೋರಿಸುತ್ತೇನೆ. ಹದಿನಾರು ಅಂದರೆ 80 ಬಿಟ್. ನನ್ನ ಗಿರಾಕಿಗಳು ನೂರು ದಾಟಿಲ್ಲ. ಜಾಸ್ತಿಯೇ ಆಯಿತು.

ಆದರೆ ನೋಡಿ, ಐದರಿಂದ ಆರಕ್ಕೆ ಹೋಗುವಾಗ ಮೂಲ ರೂಪವೇ ಬದಲಾಗಿದ್ದರಿಂದ, ಏನೂ ಮುಟ್ಟದೆ ಲೈಬ್ರರಿ ಮಾತ್ರ ಹೊಸದು ಮಾಡಿದರೂ ಎಲ್ಲರ ಗುರುತೂ ಬೇರೆ ಬರುತ್ತದೆ. ಹಳೇ ರೂಪವನ್ನೇ ಕೊಡು ಅಂತ ಹೇಳುವ ಆಯ್ಕೆ ಒಳಗೇ ಇಟ್ಟಿದ್ದಾರೆ, ಅದನ್ನು ಓದಿಕೊಂಡು ಹೋಗಿ. ಜೊತೆಗೆ ಹಳೇ ಸೂತ್ರ, ಹೊಸ ಸೂತ್ರ ಎರಡನ್ನೂ ನಂಬರ್ ಹಾಕಿ ಇಟ್ಟುಕೊಂಡು, ಯಾವುದರಲ್ಲಿ ಮಾಡಿದ ಗುರುತಾದರೂ ಪರೀಕ್ಷಿಸುವ ಮ್ಯಾನೇಜರ್ ಕೂಡ ಇದೆ. ಈ ಸಲ ನಾನು ಮೊದಲು ಓದಿದೆ, ಆಮೇಲೆ ಅಂಟಿಸಿದೆ.

ಲಿನಕ್ಸ್ ಬಗ್ಗೆ ಹೆಚ್ಚು ಹೇಳಲಾರೆ, ನನಗಿರುವುದು ಒಬ್ಬರೇ ಲಿನಕ್ಸ್ ಗಿರಾಕಿ. ಮಗ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಾನೆ, ರಜೆಗೆ ಬಂದಾಗ ಅಪ್ಪನ ಕಂಪ್ಯೂಟರಿಗೆ ಉಬುಂಟು ಹಾಕಿ ಹೋಗಿದ್ದಾನೆ. ಅಲ್ಲಿ ಬೋರ್ಡಿನ ಸೀರಿಯಲ್ ಇರುವ ಫೈಲನ್ನು ರೂಟ್, ಅಂದರೆ ಯಂತ್ರದ ಪೂರ್ತಿ ಅಧಿಕಾರ ಇರುವವರು, ಮಾತ್ರ ಓದಬಹುದು. ಹಾಗಾಗಿ ಪ್ರೋಗ್ರಾಮನ್ನು ಸುಮ್ಮನೆ ಓಡಿಸಿದರೆ ಒಂದು ಗುರುತು, ಆ ಅಧಿಕಾರ ಕೊಡುವ ಸುಡೋ ಹಾಕಿ ಓಡಿಸಿದರೆ ಇನ್ನೊಂದು. ಒಂದೇ ಯಂತ್ರ, ಎರಡು ಮುಖ. ಯಾರೂ ಓದಬಹುದಾದ ಮೆಷಿನ್-ಐಡಿ ಅನ್ನುವ 32 ಅಕ್ಷರದ ಫೈಲ್ ಬೇರೆ ಇದೆ. ಆದರೆ ಲಿನಕ್ಸನ್ನು ಎಬ್ಬಿಸಿ ನಡೆಸುವ ಸಿಸ್ಟಮ್‌ಡಿ ಬರೆದವರೇ ಅದನ್ನು ಗುಟ್ಟಾಗಿಡಿ, ಹಸಿಯಾಗಿ ಹೊರಗೆ ಕಳಿಸಬೇಡಿ, ನಿಮ್ಮ ಪ್ರೋಗ್ರಾಮಿಗೇ ಬೇರೆ ಗುರುತು ಅದರಿಂದ ಮಾಡಿಕೊಳ್ಳಿ ಅಂತ ಬರೆದಿದ್ದಾರೆ. ನಾನು ಹಾಗೇ ಮಾಡಿದ್ದೇನೆ.

ಈ ಗುಟ್ಟಿನ ಮಾತು ವಿಂಡೋಸಿಗೂ ಸಲ್ಲುತ್ತದೆ. ಹ್ಯಾಶ್ ಮಾಡಿದ್ದೇವೆ, ಇನ್ನು ಮೂಲ ನಂಬರ್ ಯಾರಿಗೂ ಸಿಗುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಬರೀ ಮ್ಯಾಕ್ ವಿಳಾಸವೊಂದನ್ನೇ ಹ್ಯಾಶ್ ಮಾಡಿದರೆ ಅದು ಸುಳ್ಳು. ತಯಾರಕರ ಅರ್ಧ ಗೊತ್ತಾದರೆ ಉಳಿಯುವುದು 24 ಬಿಟ್, ಅಂದರೆ 1,67,77,216 ಸಾಧ್ಯತೆ. ದೊಡ್ಡದಾಗಿ ಕಾಣುತ್ತದೆ, ಆದರೆ ಇವತ್ತಿನ ಮಾಮೂಲಿ ಲ್ಯಾಪ್‌ಟಾಪ್ ಒಂದು ಕಾಫಿ ಕುಡಿಯುವಷ್ಟರಲ್ಲಿ ಎಲ್ಲವನ್ನೂ ಹ್ಯಾಶ್ ಮಾಡಿ ಹೋಲಿಸಿಬಿಡುತ್ತದೆ. ಅದಕ್ಕೆ ನಾಲ್ಕೂ ಭಾಗಗಳಿಗೆ ನನ್ನದೊಂದು ಗುಟ್ಟಿನ ಪದ ಸೇರಿಸಿಯೇ ಹ್ಯಾಶ್ ಮಾಡುತ್ತೇನೆ. ಯಂತ್ರದ ಬಳಕೆದಾರರ ಹೆಸರು ಸೇರಿಸುವ ಆಯ್ಕೆಯನ್ನು ಮುಟ್ಟುವುದೇ ಇಲ್ಲ. ನನಗೆ ಕಂಪ್ಯೂಟರ್ ಬೇಕು, ಮನುಷ್ಯ ಬೇಡ.

ಒಂದು ಮಂಡಿಯ ಹಿರಿಯ ಗುಮಾಸ್ತರು ಕೇಳಿದ್ದರು: "ನಿಮ್ಮ ಪ್ರೋಗ್ರಾಂ ನಮ್ಮ ಕಂಪ್ಯೂಟರ್ ಒಳಗೆ ಏನೇನು ನೋಡ್ತದೆ? ನಮ್ಮ ಲೆಕ್ಕ ನಿಮಗೆ ಕಾಣ್ತದಾ?" ಒಳ್ಳೆಯ ಪ್ರಶ್ನೆ. ಈಗ ಲೈಸೆನ್ಸ್ ಪರದೆಯಲ್ಲೇ ಕನ್ನಡದಲ್ಲಿ ಬರೆದಿದ್ದೇನೆ: ಇಂತಿಂಥ ನಾಲ್ಕು ಗುರುತು ನೋಡುತ್ತದೆ, ನಿಮ್ಮ ಲೆಕ್ಕ ಎಲ್ಲಿಗೂ ಹೋಗುವುದಿಲ್ಲ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿ ತಲೆಯಾಡಿಸಿದರು. ಓದಿದವರು ಇಲ್ಲಿಯವರೆಗೆ ಅವರೊಬ್ಬರೇ ಇರಬೇಕು.

ವೇಗದ ಬಗ್ಗೆ ಒಂದೇ ಸಾಲು: ಹಳೇ ಹಾರ್ಡ್‌ಡಿಸ್ಕಿನ ಕಂಪ್ಯೂಟರುಗಳಲ್ಲಿ ಡಬ್ಲ್ಯುಎಂಐ ಎದ್ದೇಳುವುದಕ್ಕೇ ಎರಡು ಮೂರು ಸೆಕೆಂಡು ಬೇಕು. ಪ್ರೋಗ್ರಾಂ ತೆರೆದ ಕೂಡಲೇ ಕೇಳಬೇಡಿ, ಹಿಂದೆ ಇನ್ನೊಂದು ಎಳೆಯಲ್ಲಿ (ಥ್ರೆಡ್) ಕೇಳಿ.

ಇನ್ನು ಕಳ್ಳರನ್ನು ಪೂರ್ತಿ ತಡೆಯುತ್ತದಾ? ಇಲ್ಲ. ಮ್ಯಾಕ್ ಬದಲಾಯಿಸಬಹುದು. ವರ್ಚುವಲ್ ಯಂತ್ರದಲ್ಲಿ ಬೇಕಾದ ಸೀರಿಯಲ್ ಬರೆಯಬಹುದು. ಗೊತ್ತಿದ್ದವರು ನನ್ನ ಡಾಟ್‌ನೆಟ್ ಪ್ರೋಗ್ರಾಮನ್ನೇ ಬಿಚ್ಚಿ ಆ ಪ್ರಶ್ನೆಯನ್ನೇ ತೆಗೆದುಹಾಕಬಹುದು. ಬ್ಯಾಂಕಿಗೆ ಪ್ರೋಗ್ರಾಂ ಬರೆಯುವವರಾದರೆ ಗುಟ್ಟಿನ ಕೀಲಿ ಕಾಯುವ ಟಿಪಿಎಂ ಚಿಪ್ಪಿನ ಕಡೆ ನೋಡಿ. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕೇಬೇಕು, ಹಾಗಾಗಿ ಹೊಸ ಕಂಪ್ಯೂಟರುಗಳಲ್ಲಿ ಇದ್ದೇ ಇರುತ್ತದೆ. ನನ್ನ ಗಿರಾಕಿಗಳಲ್ಲಿ ಅರ್ಧ ಜನ ಇನ್ನೂ ಹತ್ತರಲ್ಲೇ ಇದ್ದಾರೆ. ನನಗೆ ಬೇಕಾದದ್ದು ಭಾವನ ಪೆನ್‌ಡ್ರೈವ್ ತಡೆಯುವ ಬೀಗ. ಅಷ್ಟಕ್ಕೆ ಇದು ಸಾಕು. ಐದಕ್ಕೆ ನಾಲ್ಕು ಚುಕ್ಕಿ. ಮಾದರಿ ಕೋಡಿಗೆ ಅರ್ಧ, ಹುಸಿ ನಂಬರ್ ನುಂಗುವುದಕ್ಕೆ ಇನ್ನರ್ಧ ಕಳೆದೆ. ಭಾಗಗಳನ್ನು ಆರಿಸುವ ಕೆಲಸ ನಮಗೇ ಬಿಟ್ಟಿದ್ದಾರೆ ಅನ್ನುವುದಕ್ಕೆ ಕಳೆಯಲಿಲ್ಲ. ನಮ್ಮ ಕಡೆ ಸಿಡಿಲು ಯಾವ ಪೋರ್ಟಿಗೆ ಹೊಡೆಯುತ್ತದೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು?

ಹೋದ ಮೇ ತಿಂಗಳಲ್ಲಿ ಅದೇ ಸಾಹುಕಾರರ ಮಂಡಿಗೆ ಸಿಡಿಲು ಬಡಿಯಿತು. ಈ ಸಲ ಲ್ಯಾನ್ ಮಾತ್ರ ಅಲ್ಲ, ಬೋರ್ಡೇ ಹೋಯಿತು. ಅಂಗಡಿಯವನು ಸಂಜೆಯೊಳಗೆ ಬೇರೆ ಬೋರ್ಡ್ ಕೂರಿಸಿ, ಹಳೇ ಡಿಸ್ಕ್ ಸಿಕ್ಕಿಸಿ ಹೋಗಿದ್ದಾನೆ. ನನಗೆ ಮಾರನೇ ದಿನ ಬೆಳಿಗ್ಗೆ ಅವರ ಫೋನು. ಹೆಸರು ನೋಡಿದ ಕೂಡಲೇ ಹಳೆಯದೆಲ್ಲ ನೆನಪಾಗಿ ಕುರ್ಚಿ ಎಳೆದುಕೊಂಡು ಕೂತೆ.

"ಬೋರ್ಡ್ ಬದಲಾಗಿದೆ ಅಲ್ವಾ ಅಂತ ಏನೋ ಕೇಳ್ತು ಮಾರಾಯ್ರೇ, ಹೌದು ಅಂತ ಒತ್ತಿದೆ, ಹೋಯ್ತು" ಅಂದರು. "ಅದಿರ್ಲಿ, ಪಟ್ಟೀಲಿ ಗೊರಬಲು ದರ ಬಲಗಡೆ ಅರ್ಧ ಕಟ್ ಆಗಿ ಬರ್ತದಲ್ಲ, ಅದನ್ನ ಯಾವಾಗ ಸರಿ ಮಾಡ್ತೀರಿ?"